ಉಪ್ಪು, ಬಿಪಿ ಮತ್ತು ಹಳ್ಳಿ ಡಾಕ್ಟರು: ಚೀನಾದ ಹೃದಯಕ್ಕೆ ಏನಾಗಿದೆ?

ಚೀನಾದಲ್ಲಿ ಸಾಯುವ ಪ್ರತಿ ಐದು ಜನರಲ್ಲಿ ಇಬ್ಬರ ಸಾವಿಗೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ ಕಾರಣ. ಹೃದಯದ ಕಾಯಿಲೆ ಸಿರಿವಂತರಿಗೆ, ಪಟ್ಟಣದವರಿಗೆ ಬರುವಂಥದ್ದು ಎಂಬ ಮಾತು ನಮ್ಮಲ್ಲಿ ಇನ್ನೂ ಓಡಾಡುತ್ತಿದೆ. ಚೀನಾದ ಅಂಕಿಗಳು ಅದನ್ನು ತಲೆಕೆಳಗು ಮಾಡುತ್ತವೆ. ಅಲ್ಲಿ 2009ರಿಂದ ಈಚೆಗೆ ಇಂಥ ಸಾವಿನ ಪ್ರಮಾಣ ನಗರಗಳಿಗಿಂತ ಹಳ್ಳಿಗಳಲ್ಲೇ ಹೆಚ್ಚು. ದೇಶದ ರಾಷ್ಟ್ರೀಯ ಹೃದ್ರೋಗ ಕೇಂದ್ರದ ವರದಿಯ ಅಂದಾಜಿನಂತೆ ಹೃದಯ ಅಥವಾ ರಕ್ತನಾಳಗಳ ಯಾವುದಾದರೊಂದು ಕಾಯಿಲೆ ಇಟ್ಟುಕೊಂಡು ಬದುಕುತ್ತಿರುವವರು 33 ಕೋಟಿ. ಅದರಲ್ಲಿ ಪಾರ್ಶ್ವವಾಯು ಹೊಡೆದವರು 1.3 ಕೋಟಿ, ಹೃದಯದ ರಕ್ತನಾಳ ಕಟ್ಟಿಕೊಂಡವರು 1.1 ಕೋಟಿಗೂ ಹೆಚ್ಚು. ಉಳಿದ ಲೆಕ್ಕದ ಬಹುಪಾಲು, ಅಂದರೆ 24.5 ಕೋಟಿ ಜನ, ಅಧಿಕ ರಕ್ತದೊತ್ತಡದವರು.

ಈ ಕೊನೆಯ ಸಂಖ್ಯೆಯನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ರಕ್ತದೊತ್ತಡ ನೋವು ಕೊಡುವುದಿಲ್ಲ. ಅದನ್ನು ಅಳೆಯಲು ಎರಡು ನಿಮಿಷ ಸಾಕು. ಇಳಿಸುವ ಮಾತ್ರೆಗಳು ದಶಕಗಳಿಂದ ಇವೆ, ಅಗ್ಗವಾಗಿಯೂ ಇವೆ. ಆದರೂ ಜಗತ್ತಿನ ಎರಡನೇ ದೊಡ್ಡ ಆರ್ಥಿಕತೆಯಲ್ಲಿ, ವೇಗದ ರೈಲು ಓಡಿಸುವ, ಒಂದೊಂದು ನಗರದಲ್ಲೂ ಸಾವಿರಾರು ಹಾಸಿಗೆಯ ಆಸ್ಪತ್ರೆ ಕಟ್ಟಿರುವ ದೇಶದಲ್ಲಿ, ಜನ ಇದರಿಂದಲೇ ಸಾಯುತ್ತಿದ್ದಾರೆ. ಇದು ಹೇಗೆ ಸಾಧ್ಯ ಎಂಬುದನ್ನು ಬಿಡಿಸಿ ನೋಡಿದರೆ ದೀರ್ಘಕಾಲದ ಕಾಯಿಲೆಗಳು ಹೇಗೆ ಕೆಲಸ ಮಾಡುತ್ತವೆ ಎಂಬುದೇ ಅರ್ಥವಾಗುತ್ತದೆ.

ಇದೆಲ್ಲ ನಮಗೆ ಗೊತ್ತಾಗಿದ್ದು ಹೇಗೆ?

ಚೀನಾದ ವಯಸ್ಕರ ಆರೋಗ್ಯದ ಬಗ್ಗೆ ಇಂದು ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಬಂದಿರುವುದು ಕೆಲವು ದೊಡ್ಡ ಅಧ್ಯಯನಗಳಿಂದ. ಮೊದಲನೆಯದು ಚೀನಾ ಕಡೂರಿ ಬಯೋಬ್ಯಾಂಕ್. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಚೀನಾದ ವೈದ್ಯವಿಜ್ಞಾನ ಅಕಾಡೆಮಿ ಸೇರಿ 2004ರಿಂದ 2008ರವರೆಗೆ ಹತ್ತು ಪ್ರದೇಶಗಳಲ್ಲಿ 30ರಿಂದ 79 ವಯಸ್ಸಿನ 5 ಲಕ್ಷ 12 ಸಾವಿರ ಜನರನ್ನು ಇದಕ್ಕೆ ಸೇರಿಸಿಕೊಂಡವು. ಐದು ನಗರ ಪ್ರದೇಶ, ಐದು ಹಳ್ಳಿಗಾಡು. ಹೆಪ್ಪುಗಟ್ಟುವ ಹಾರ್ಬಿನ್‌ನಿಂದ ಹಿಡಿದು ವರ್ಷವಿಡೀ ಸೆಖೆಯಿರುವ ಹೈಕೋವರೆಗೆ. ಅವರ ರಕ್ತ ತೆಗೆದಿಟ್ಟು, ಆಮೇಲೆ ಯಾರಿಗೆ ಏನಾಯಿತು, ಯಾರು ಯಾವುದರಿಂದ ಸತ್ತರು ಎಂದು ಇಂದಿಗೂ ದಾಖಲಿಸುತ್ತಿದ್ದಾರೆ.

ಎರಡನೆಯದು ಚೀನಾ ಆರೋಗ್ಯ ಮತ್ತು ನಿವೃತ್ತಿ ಅಧ್ಯಯನ, ಸಂಶೋಧಕರ ಬಾಯಲ್ಲಿ ‘ಚಾರ್ಲ್ಸ್’. ಪೀಕಿಂಗ್ ವಿಶ್ವವಿದ್ಯಾಲಯ ನಡೆಸುವ ಇದು 2011ರಲ್ಲಿ ದೇಶವ್ಯಾಪಿಯಾಗಿ ಆರಂಭವಾಯಿತು. 28 ಪ್ರಾಂತ್ಯ, 150 ಕೌಂಟಿ, 450 ಹಳ್ಳಿ ಮತ್ತು ಬಡಾವಣೆ, 45 ದಾಟಿದ 17 ಸಾವಿರಕ್ಕೂ ಹೆಚ್ಚು ಜನ. ಇಲ್ಲಿ ಬರೀ ಕಾಯಿಲೆ ಕೇಳುವುದಿಲ್ಲ. ಮಕ್ಕಳು ಎಲ್ಲಿದ್ದಾರೆ, ಸಾಲ ಎಷ್ಟಿದೆ, ನಿದ್ದೆ ಬರುತ್ತದೆಯೇ, ಮನಸ್ಸು ಸೋತಿದೆಯೇ, ಕುರ್ಚಿಯಿಂದ ಎದ್ದು ನಿಲ್ಲಲು ಕಷ್ಟವೇ ಎಂದೆಲ್ಲ ವಿಚಾರಿಸುತ್ತಾರೆ. ಕೈಯ ಹಿಡಿತದ ಬಲ ಅಳೆಯುತ್ತಾರೆ, ಬಿಪಿ ನೋಡುತ್ತಾರೆ. ಕೆಲವು ಸುತ್ತುಗಳಲ್ಲಿ ರಕ್ತವನ್ನೂ ತೆಗೆದುಕೊಂಡಿದ್ದಾರೆ. ಮಾಹಿತಿಯನ್ನು ಸಂಶೋಧಕರಿಗೆ ಮುಕ್ತವಾಗಿ ಕೊಡುವುದರಿಂದ ಚೀನಾದ ಮಧ್ಯವಯಸ್ಕರು ಮತ್ತು ಹಿರಿಯರ ಕುರಿತು ವೈದ್ಯಕೀಯ ಪತ್ರಿಕೆಗಳಲ್ಲಿ ಬರುವ ಲೇಖನಗಳಲ್ಲಿ ಎಷ್ಟೋ ಇದನ್ನೇ ಆಧರಿಸಿರುತ್ತವೆ.

ಇಂಥ ಲೇಖನಗಳ ಸುದ್ದಿ ಓದುವವರು ಒಂದು ಸಂಗತಿ ತಿಳಿದಿರಬೇಕು. ಬಹಳಷ್ಟು ಕಾಯಿಲೆಗಳ ವಿಷಯದಲ್ಲಿ ಚಾರ್ಲ್ಸ್ ಕೇಳುವುದು, ‘ನಿಮಗೆ ಈ ಕಾಯಿಲೆ ಇದೆಯೆಂದು ವೈದ್ಯರು ಎಂದಾದರೂ ಹೇಳಿದ್ದಾರೆಯೇ?’ ಎಂದು. ವೈದ್ಯರನ್ನೇ ಕಾಣದ ರೈತ ಇದಕ್ಕೆ ಪ್ರಾಮಾಣಿಕವಾಗಿಯೇ ‘ಇಲ್ಲ’ ಎನ್ನುತ್ತಾನೆ. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವ ಶಾಂಘೈನ ನಿವೃತ್ತ ಶಿಕ್ಷಕಿ ‘ಹೌದು’ ಎನ್ನುತ್ತಾಳೆ. ಬರೀ ಉತ್ತರಗಳನ್ನು ಎಣಿಸಿದರೆ ಓದಿದವರು, ಉಳ್ಳವರೇ ಹೆಚ್ಚು ಕಾಯಿಲೆಯವರಂತೆ ಕಂಡುಬಿಡಬಹುದು. ಕೇಳಿ ತಿಳಿದದ್ದಕ್ಕೂ ಅಳೆದು ತಿಳಿದದ್ದಕ್ಕೂ ನಡುವೆ ಇರುವ ಈ ಕಂದಕದಲ್ಲೇ ಚೀನಾದ ಹೃದಯರೋಗದ ಮೂಲವಿದೆ.

ನೂರರಲ್ಲಿ ಏಳು

ಆ ಕಂದಕ ಎಷ್ಟು ಅಗಲ ಎಂಬುದನ್ನು ಬೀಜಿಂಗಿನ ಫೂವಾಯ್ ಆಸ್ಪತ್ರೆಯ ನೇತೃತ್ವದ ಒಂದು ಯೋಜನೆ ತೋರಿಸಿತು. ದೇಶದ ಉದ್ದಗಲಕ್ಕೂ 35ರಿಂದ 75 ವಯಸ್ಸಿನ 17 ಲಕ್ಷ ಜನರ ಬಿಪಿಯನ್ನು ಅವರೇ ಅಳೆದು ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೂರಕ್ಕೆ ಸುಮಾರು 45 ಜನರಿಗೆ ಅಧಿಕ ರಕ್ತದೊತ್ತಡ ಇತ್ತು. ಹಾಗೆ ಬಿಪಿ ಇದ್ದವರನ್ನೇ ನೂರು ಜನ ಎಂದಿಟ್ಟುಕೊಳ್ಳಿ. ಅವರಲ್ಲಿ ತಮಗೆ ಬಿಪಿ ಇದೆಯೆಂದು ಗೊತ್ತಿದ್ದವರು 45. ಮಾತ್ರೆ ನುಂಗುತ್ತಿದ್ದವರು 30. ಬಿಪಿ ಹತೋಟಿಯಲ್ಲಿದ್ದವರು ಏಳು.

ಬೇರೆ ಸಮೀಕ್ಷೆಗಳು ಇಷ್ಟು ಕಠೋರವಾಗಿಲ್ಲ. 2012ರಿಂದ 2015ರವರೆಗೆ 18 ವರ್ಷ ದಾಟಿದ ಎಲ್ಲರನ್ನೂ ಸೇರಿಸಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹತೋಟಿಯಲ್ಲಿದ್ದವರು ನೂರಕ್ಕೆ 15. ವಯೋಮಿತಿ ಬೇರೆ, ಆಯ್ಕೆಯ ಕ್ರಮ ಬೇರೆ, ಹಾಗಾಗಿ ಅಂಕಿಯೂ ಬೇರೆ. ಎರಡರಲ್ಲೂ ಆಕಾರ ಒಂದೇ: ಪ್ರತಿ ಹಂತದಲ್ಲೂ ಜನ ಜಾರಿಹೋಗುತ್ತಾರೆ.

ಏಕೆ ಜಾರುತ್ತಾರೆ? ಮೊದಲ ಹಂತದ ಉತ್ತರ ಸುಲಭ. ಮೈಯಲ್ಲಿ ಏನೂ ಆಗದಿದ್ದಾಗ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ನನ್ನ ಮಟ್ಟಿಗೆ ಹೆಚ್ಚು ನೋವಿನ ಸಂಗತಿ ಕೊನೆಯ ಹಂತದ್ದು. ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲೂ ಐವರಲ್ಲಿ ನಾಲ್ವರು ಒಂದೇ ಒಂದು ಔಷಧದ ಮೇಲಿದ್ದರು. ಹೆಚ್ಚಿನವರಿಗೆ ಒಂದು ಮಾತ್ರೆಯಿಂದ ಬಿಪಿ ಇಳಿಯುವುದಿಲ್ಲ, ಎರಡು ಬಗೆಯ ಔಷಧ ಬೇಕಾಗುತ್ತದೆ ಎಂಬುದು ವೈದ್ಯಲೋಕಕ್ಕೆ ಹಳೆಯ ಸಂಗತಿ. 2016-17ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ನೋಡಿ ಬಂದ ಸಂಶೋಧಕರಿಗೆ, ಸಾಮಾನ್ಯವಾಗಿ ಬಳಸುವ ನಾಲ್ಕು ವರ್ಗದ ಬಿಪಿ ಔಷಧಗಳೂ ಇದ್ದ ಕೇಂದ್ರಗಳು ಮೂರರಲ್ಲಿ ಒಂದು ಮಾತ್ರ ಸಿಕ್ಕಿದವು. ನಗರದ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲವೂ ಇತ್ತು, ಜನ ಬದುಕುವ ಕಡೆ ಇರಲಿಲ್ಲ.

ಹೃದಯಾಘಾತಕ್ಕಿಂತ ಪಾರ್ಶ್ವವಾಯು

ಅಮೆರಿಕ, ಯುರೋಪಿನವರಿಗೆ ರಕ್ತನಾಳದ ಕಾಯಿಲೆ ಎಂದರೆ ಮೊದಲು ನೆನಪಾಗುವುದು ಹೃದಯಾಘಾತ. ಚೀನಾದಲ್ಲಿ ಪಾರ್ಶ್ವವಾಯು. 25 ವರ್ಷ ದಾಟಿದ ವ್ಯಕ್ತಿಗೆ ಮುಂದಿನ ಬದುಕಿನಲ್ಲಿ ಎಂದಾದರೂ ಪಾರ್ಶ್ವವಾಯು ಹೊಡೆಯುವ ಸಂಭವ ಎಷ್ಟು ಎಂದು 2016ರ ಮಾಹಿತಿ ಇಟ್ಟುಕೊಂಡು ಜಗತ್ತಿನ ಎಲ್ಲ ದೇಶಗಳಿಗೂ ಲೆಕ್ಕ ಹಾಕಿದಾಗ ಚೀನಾ ಮೊದಲ ಸ್ಥಾನದಲ್ಲಿತ್ತು: ಶೇ 39. ಹತ್ತರಲ್ಲಿ ನಾಲ್ವರು.

ಕಾರಣ ರಕ್ತನಾಳದ ಒಳಗಿದೆ. ಬಿಪಿ ವರ್ಷಗಟ್ಟಲೆ ಹೆಚ್ಚಿದ್ದರೆ ಮೆದುಳಿನ ಆಳಕ್ಕೆ ಹೋಗುವ ಕೂದಲೆಳೆಯಂಥ ನಾಳಗಳ ಗೋಡೆ ಮೊದಲು ಗಡುಸಾಗುತ್ತದೆ, ಆಮೇಲೆ ಸೋಲುತ್ತದೆ. ಬಿಸಿಲಲ್ಲಿ ಬಿದ್ದು ಒಣಗಿದ ರಬ್ಬರ್ ಪೈಪಿಗೆ ಪಂಪ್‌ಸೆಟ್ಟಿನ ಪೂರ್ತಿ ಒತ್ತಡ ಬಿಟ್ಟ ಹಾಗೆ. ಒಂದು ದಿನ ಒಡೆಯುತ್ತದೆ. ಇದು ಮೆದುಳಿನೊಳಗಿನ ರಕ್ತಸ್ರಾವ. ನಾಳ ಮುಚ್ಚಿಹೋಗಿ ಬರುವ ಪಾರ್ಶ್ವವಾಯುವೇ ಚೀನಾದಲ್ಲೂ ಹೆಚ್ಚು. ಆದರೆ ರಕ್ತಸ್ರಾವದ ಪಾಲು ಪಾಶ್ಚಾತ್ಯ ದೇಶಗಳಿಗಿಂತ ಅಲ್ಲಿ ಬಹಳ ದೊಡ್ಡದು, ಅದು ಕೊಲ್ಲುವುದೂ ಹೆಚ್ಚು. ಹೃದಯಾಘಾತದ ದಾರಿ ಸ್ವಲ್ಪ ಬೇರೆ. ಅಲ್ಲಿ ಒತ್ತಡದ ಜೊತೆಗೆ ಕೊಲೆಸ್ಟ್ರಾಲ್ ಬೇಕು, ಹೃದಯಕ್ಕೆ ರಕ್ತ ಒಯ್ಯುವ ನಾಳದ ಗೋಡೆಯಲ್ಲಿ ಕೊಬ್ಬು ಗಂಟು ಕಟ್ಟಬೇಕು.

ಒಂದೆರಡು ತಲೆಮಾರಿನ ಹಿಂದೆ ಚೀನಾದ ಸಾಮಾನ್ಯರ ಊಟ ಅನ್ನ ಅಥವಾ ಗೋಧಿ, ತರಕಾರಿ, ಉಪ್ಪು, ಮಾಂಸ ಹಬ್ಬಕ್ಕೆ. ಕೊಲೆಸ್ಟ್ರಾಲ್ ಕಡಿಮೆ, ಬಿಪಿ ಜಾಸ್ತಿ. ಹಾಗಾಗಿ ಹೃದಯ ಉಳಿಯುತ್ತಿತ್ತು, ಮೆದುಳು ಪೆಟ್ಟು ತಿನ್ನುತ್ತಿತ್ತು. ಆರ್ಥಿಕ ಸುಧಾರಣೆಯ ನಂತರ ತಟ್ಟೆ ಬದಲಾಯಿತು. ಬೀಜಿಂಗಿನಲ್ಲಿ 1984ರಿಂದ 1999ರ ನಡುವೆ ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಪ್ರಮಾಣ ಗಂಡಸರಲ್ಲಿ ಸುಮಾರು ಅರ್ಧದಷ್ಟು, ಹೆಂಗಸರಲ್ಲಿ ಕಾಲು ಭಾಗಕ್ಕಿಂತ ತುಸು ಜಾಸ್ತಿ ಏರಿತು. ಹೆಚ್ಚಿದ ಈ ಸಾವುಗಳಿಗೆ ಯಾವುದು ಎಷ್ಟು ಕಾರಣ ಎಂದು ಲೆಕ್ಕ ಹಾಕಿದವರು ಮುಕ್ಕಾಲಿಗೂ ಹೆಚ್ಚು ಪಾಲನ್ನು ಏರಿದ ಕೊಲೆಸ್ಟ್ರಾಲ್ ತಲೆಗೆ ಕಟ್ಟಿದರು. ಹಳೆಯ ಕಾಯಿಲೆ ಹೋಗಿ ಹೊಸದು ಬಂದಿದ್ದರೆ ಅದೊಂದು ಬಗೆ. ಇಲ್ಲಿ ಹಳೆಯದು ಕದಲದೆ ಹಾಗೆಯೇ ಕೂತಿದೆ, ಅದರ ಪಕ್ಕದಲ್ಲಿ ಹೊಸದು ಬಂದು ಕೂತಿದೆ.

ಬಡಗಣ ಚಳಿ, ಒಲೆಯ ಮುಂದಿನ ಉಪ್ಪು

ಚೀನಾದ ನಕ್ಷೆಯಲ್ಲಿ ಪಾರ್ಶ್ವವಾಯುವಿಗೆ ಬಣ್ಣ ಹಚ್ಚಿದರೆ ಉತ್ತರ ಮತ್ತು ಈಶಾನ್ಯ ಭಾಗ ಗಾಢವಾಗುತ್ತದೆ. ಆರು ತಿಂಗಳು ಹಸಿರು ತರಕಾರಿ ಬೆಳೆಯದ ನಾಡು ಅದು. ಎಲೆಕೋಸನ್ನು ಉಪ್ಪಿನಲ್ಲಿ ಹಾಕಿಟ್ಟು ಚಳಿಗಾಲ ದಾಟಿಸುವುದು ಅಲ್ಲಿನ ರೂಢಿ. ಜೊತೆಗೆ ಸೋಯಾ ಸಾಸ್, ಹುದುಗಿಸಿದ ಕಾಳಿನ ಉಪ್ಪುಪ್ಪು ಗೊಜ್ಜುಗಳು. ದಿನಕ್ಕೆ 5 ಗ್ರಾಂ ಒಳಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪು ಚೀನಾದ ವಯಸ್ಕರ ಹೊಟ್ಟೆಗೆ ಸರಾಸರಿ ಅದರ ಎರಡರಷ್ಟು ಹೋಗುತ್ತಿದೆ.

ಪಾಶ್ಚಾತ್ಯರಲ್ಲಿ ಉಪ್ಪಿನ ಬಹುಪಾಲು ಬರುವುದು ಬ್ರೆಡ್, ಚೀಸ್, ಡಬ್ಬಿಯ ಆಹಾರದಿಂದ. ಅಲ್ಲಿ ಸರ್ಕಾರ ಕಾರ್ಖಾನೆಗಳ ಕಿವಿ ಹಿಂಡಿದರೆ ಇಡೀ ದೇಶದ ಉಪ್ಪು ಇಳಿಯುತ್ತದೆ. ಚೀನಾದಲ್ಲಿ ಸುಮಾರು ಮುಕ್ಕಾಲು ಪಾಲು ಉಪ್ಪು ಬೀಳುವುದು ಮನೆಯ ಬಾಣಲೆಗೆ, ಅಡುಗೆ ಮಾಡುವವರ ಕೈಯಿಂದ. ಕಾನೂನು ಆ ಕೈಯನ್ನು ಹಿಡಿಯಲಾರದು. ಈ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಳಿಯೂ ತಾನಾಗಿಯೇ ಬಿಪಿ ಏರಿಸುತ್ತದೆ, ಏಕೆಂದರೆ ಶಾಖ ಉಳಿಸಿಕೊಳ್ಳಲು ಚರ್ಮದ ರಕ್ತನಾಳಗಳು ಮುದುಡುತ್ತವೆ. ಕಡೂರಿ ಅಧ್ಯಯನದಲ್ಲಿ ಮೇಲಿನ ಬಿಪಿ, ಅಂದರೆ ಬಿಪಿಯ ಎರಡು ಅಂಕಿಗಳಲ್ಲಿ ದೊಡ್ಡದು, ಬೇಸಿಗೆಗಿಂತ ಚಳಿಗಾಲದಲ್ಲಿ ಸರಾಸರಿ ಸುಮಾರು 10 ಮಿಲಿಮೀಟರ್ ಹೆಚ್ಚಿತ್ತು. ಮನೆಗಳಿಗೆ ಕೊಳವೆಯಲ್ಲಿ ಬಿಸಿ ಹರಿಸುವ ವ್ಯವಸ್ಥೆ ಇದ್ದ ಕಡೆ ಈ ಏರಿಳಿತ ಕಡಿಮೆ. ಆದರೆ ಆ ಬಿಸಿ ಬಂದಿದ್ದು ಕಲ್ಲಿದ್ದಲಿನಿಂದ. ಹುವಾಯ್ ನದಿಯ ಉತ್ತರಕ್ಕೆ ಮಾತ್ರ ಚಳಿಗಾಲದಲ್ಲಿ ಸರ್ಕಾರದಿಂದ ಬಿಸಿ ಒದಗಿಸುವ ಹಳೆಯ ನೀತಿಯಿಂದಾಗಿ ನದಿಯ ಎರಡು ದಡಗಳ ಗಾಳಿಯಲ್ಲಿ ಭಾರಿ ವ್ಯತ್ಯಾಸ ಉಂಟಾಯಿತು. ಉತ್ತರದವರ ಆಯಸ್ಸು ಹೊಗೆಯ ಕಾರಣಕ್ಕೆ ಸುಮಾರು ಮೂರು ವರ್ಷ ಕಡಿಮೆ ಎಂದು 2017ರ ಒಂದು ಅಧ್ಯಯನ ಅಂದಾಜಿಸಿತು. ಆ ಹೆಚ್ಚುವರಿ ಸಾವುಗಳು ಹೃದಯ ಮತ್ತು ಶ್ವಾಸಕೋಶದವು. ಒಂದು ಕೈಯಿಂದ ಬಿಪಿ ಇಳಿಸಿ ಇನ್ನೊಂದು ಕೈಯಿಂದ ರಕ್ತನಾಳ ಕೆಡಿಸಿದಂತಾಯಿತು. ಹಳ್ಳಿಗಳಲ್ಲಿ ಕಟ್ಟಿಗೆ, ಕಲ್ಲಿದ್ದಲ ಒಲೆಯ ಮುಂದೆ ಕೂರುವ ಹೆಂಗಸರಿಗೆ ಇದೇ ಹೊಗೆ ಮನೆಯೊಳಗೇ ಸಿಗುತ್ತದೆ.

ಸಕ್ಕರೆ, ಸೊಂಟ, ಮತ್ತು ಬರಗಾಲದ ಮಕ್ಕಳು

1980ರಲ್ಲಿ ಚೀನಾ ಮೊದಲ ಬಾರಿಗೆ ದೊಡ್ಡ ಮಟ್ಟದಲ್ಲಿ ಸಕ್ಕರೆ ಕಾಯಿಲೆಯ ಸಮೀಕ್ಷೆ ಮಾಡಿದಾಗ ನೂರಕ್ಕೆ ಒಬ್ಬರಿಗೂ ಅದು ಇರಲಿಲ್ಲ. 2018ರ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 12.4 ಜನರಿಗೆ ಇತ್ತು. ಅಳೆಯುವ ವಿಧಾನ, ಮಾನದಂಡ ಬದಲಾಗಿದ್ದರಿಂದ ಎರಡನ್ನೂ ನೇರವಾಗಿ ತೂಗುವುದು ಸರಿಯಲ್ಲ. ಹಾಗಿದ್ದರೂ ಈ ಏರಿಕೆ ಅಸಾಮಾನ್ಯ. 2018ರಲ್ಲಿ ಕಾಯಿಲೆ ಇದ್ದವರಲ್ಲಿ ಅದು ತಮಗಿದೆಯೆಂದು ಗೊತ್ತಿದ್ದವರು ನೂರಕ್ಕೆ 37. ಬಿಪಿಯ ಕಥೆಯೇ ಇಲ್ಲೂ.

ಚೀನೀಯರು ನೋಡಲು ದಪ್ಪಗಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಏಷ್ಯಾದ ಮೈಕಟ್ಟಿನಲ್ಲಿ ಕೊಬ್ಬು ಚರ್ಮದ ಕೆಳಗೆ ಹರಡುವ ಬದಲು ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಬೇಗ ಸೇರುತ್ತದೆ, ಇನ್ಸುಲಿನ್ ಕೆಲಸವನ್ನು ಬೇಗ ಕೆಡಿಸುತ್ತದೆ. ಪಾಶ್ಚಾತ್ಯರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು. ಚೀನಾ ತನ್ನವರಿಗೆ ಈ ಗೆರೆಗಳನ್ನು 24 ಮತ್ತು 28ಕ್ಕೆ ಇಳಿಸಿಕೊಂಡಿರುವುದು ಅದಕ್ಕೇ. ಆ ಗೆರೆಯಲ್ಲಿ ಅಳೆದರೆ ಇಂದು ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೆಚ್ಚು ತೂಕ ಅಥವಾ ಬೊಜ್ಜಿನವರು ಎಂದು ಸರ್ಕಾರದ 2020ರ ವರದಿಯೇ ಹೇಳುತ್ತದೆ.

ಇದಕ್ಕೆ ಇನ್ನೊಂದು ಬೇರು ಇರಬಹುದು. 1959ರಿಂದ 1961ರವರೆಗಿನ ಮಹಾ ಬರಗಾಲದಲ್ಲಿ ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳು ಈಗ ಅರವತ್ತು ದಾಟಿದ್ದಾರೆ. ಬರ ತೀವ್ರವಾಗಿದ್ದ ಪ್ರದೇಶಗಳಲ್ಲಿ ಹಾಗೆ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ರಕ್ತದಲ್ಲಿ ಸಕ್ಕರೆ ಏರುವ ಸಂಭವ ಹೆಚ್ಚು, ಮುಂದೆ ಹೊಟ್ಟೆತುಂಬ ಊಟ ಸಿಕ್ಕವರಲ್ಲಂತೂ ಇನ್ನೂ ಹೆಚ್ಚು ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಹಸಿವಿಗೆ ಹೊಂದಿಕೊಂಡು ರೂಪುಗೊಂಡ ದೇಹ ಸಮೃದ್ಧಿಯನ್ನು ತಾಳಲಾರದು ಎಂಬುದು ವಾದ. ಬರಗಾಲದಲ್ಲಿ ಹುಟ್ಟಿದವರನ್ನು ಆಮೇಲೆ ಹುಟ್ಟಿದ ಕಿರಿಯರ ಜೊತೆ ಹೋಲಿಸಿದರೆ ಬರೀ ವಯಸ್ಸಿನ ವ್ಯತ್ಯಾಸವೇ ಬರಗಾಲದ ಪರಿಣಾಮದಂತೆ ಕಾಣುತ್ತದೆ ಎಂಬ ಆಕ್ಷೇಪವೂ ಗಟ್ಟಿಯಾಗಿದೆ. ವಾದ ಮುಗಿದಿಲ್ಲ. ಆದರೆ ಹಸಿವಿನಲ್ಲಿ ಹುಟ್ಟಿ ಸಮೃದ್ಧಿಯಲ್ಲಿ ಮುಪ್ಪಾದ ಒಂದು ತಲೆಮಾರೇ ಇಂದು ಚೀನಾದ ಹೃದ್ರೋಗ ವಿಭಾಗಗಳ ಮುಂದೆ ಸಾಲು ನಿಂತಿದೆ ಎಂಬುದು ಸತ್ಯ.

ಸಕ್ಕರೆ ಕಾಯಿಲೆಯನ್ನು ತಡೆಯಬಹುದು ಎಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟ ಪ್ರಯೋಗಗಳಲ್ಲಿ ಒಂದು ನಡೆದದ್ದು ಚೀನಾದಲ್ಲೇ, ಈಶಾನ್ಯದ ತೈಲನಗರಿ ಡಾಚಿಂಗ್‌ನಲ್ಲಿ. 1986ರಲ್ಲಿ ಡಾ. ಪಾನ್ ಶಿಯಾವ್‌ರೆನ್ ಮತ್ತು ಸಂಗಡಿಗರು ಊರಿನ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 577 ಜನರನ್ನು ಆರಿಸಿದರು. ಕೆಲವರಿಗೆ ಊಟದ ತಿದ್ದುಪಡಿ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ, ಉಳಿದವರಿಗೆ ಎಂದಿನ ಸಲಹೆ. ಇದು ನಡೆದದ್ದು ಆರು ವರ್ಷ. ಅದೇ ಜನರನ್ನು 30 ವರ್ಷದವರೆಗೂ ಹಿಂಬಾಲಿಸಿ ನೋಡಿದಾಗ, ಊಟ ಅಥವಾ ವ್ಯಾಯಾಮ ಬದಲಿಸಿದವರಿಗೆ ಕಾಯಿಲೆ ಸರಾಸರಿ ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದಯಾಘಾತ, ಪಾರ್ಶ್ವವಾಯುಗಳು ಕಾಲು ಭಾಗದಷ್ಟು ಕಡಿಮೆಯಾಗಿದ್ದವು, ಆಯಸ್ಸು ಸುಮಾರು ಒಂದೂವರೆ ವರ್ಷ ಹೆಚ್ಚಿತ್ತು. ಆರು ವರ್ಷದ ಶ್ರಮಕ್ಕೆ ಮೂವತ್ತು ವರ್ಷದ ಫಲ. ಎಷ್ಟು ಸಲ ಓದಿದರೂ ಇದು ನನ್ನಲ್ಲಿ ಬೆರಗು ಹುಟ್ಟಿಸುತ್ತದೆ.

ಒಂದೇ ಮೈಯಲ್ಲಿ ಹಲವು

ಚೀನಾದ ಮಾತಿನಲ್ಲಿ ‘ಮೂರು ಏರು’ಗಳು ಎಂದರೆ ಬಿಪಿ, ಸಕ್ಕರೆ ಮತ್ತು ರಕ್ತದ ಕೊಬ್ಬು ಮೂರೂ ಏರಿರುವುದು. ಮೂರನ್ನೂ ಜನ ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ಕಾರಣ ಅವು ಒಟ್ಟಿಗೇ ಬರುವುದು. ಹೊಟ್ಟೆಯೊಳಗಿನ ಕೊಬ್ಬು ಸಕ್ಕರೆಯನ್ನೂ ಬಿಪಿಯನ್ನೂ ಏರಿಸುತ್ತದೆ. ಏರಿದ ಸಕ್ಕರೆ ಮೂತ್ರಪಿಂಡವನ್ನು ಸವೆಸುತ್ತದೆ. ಸವೆದ ಮೂತ್ರಪಿಂಡ ಉಪ್ಪನ್ನು ಹೊರಹಾಕಲಾರದೆ ಬಿಪಿಯನ್ನು ಮತ್ತಷ್ಟು ಏರಿಸುತ್ತದೆ. ಒಬ್ಬರಿಗೆ ಎರಡು ಕಾಯಿಲೆ ಇದ್ದರೆ ಅಪಾಯ ಒಂದಕ್ಕೊಂದು ಕೂಡುವುದಷ್ಟೇ ಅಲ್ಲ, ಎಷ್ಟೋ ಸಲ ಒಂದು ಇನ್ನೊಂದನ್ನು ಗುಣಿಸುತ್ತದೆ. ಕಡೂರಿ ಅಧ್ಯಯನದ ಪ್ರಕಾರ 50 ವರ್ಷಕ್ಕೆ ಮೊದಲೇ ಸಕ್ಕರೆ ಕಾಯಿಲೆ ಪತ್ತೆಯಾದವರು ಸರಾಸರಿ ಒಂಬತ್ತು ವರ್ಷದ ಆಯಸ್ಸು ಕಳೆದುಕೊಳ್ಳುತ್ತಾರೆ. ನಗರದಲ್ಲಿ ಎಂಟು, ಹಳ್ಳಿಯಲ್ಲಿ ಹತ್ತು. ಕಾಯಿಲೆ ಒಂದೇ ಆದರೂ ಆಸ್ಪತ್ರೆ ಎಷ್ಟು ದೂರ ಎಂಬುದರ ಮೇಲೆ ಎರಡು ವರ್ಷದ ವ್ಯತ್ಯಾಸ.

ಮನಸ್ಸಿನ ಪಾಲೂ ಇದೆ. ಚಾರ್ಲ್ಸ್ ಮಾಹಿತಿಯನ್ನು ವಿಶ್ಲೇಷಿಸಿದವರು, ಖಿನ್ನತೆಯ ಲಕ್ಷಣಗಳಿದ್ದ ಮಧ್ಯವಯಸ್ಕರಿಗೂ ಹಿರಿಯರಿಗೂ ಮುಂದಿನ ನಾಲ್ಕು ವರ್ಷಗಳಲ್ಲಿ ಹೃದಯದ ಕಾಯಿಲೆ ಅಥವಾ ಪಾರ್ಶ್ವವಾಯು ಬರುವ ಸಂಭವ ಹೆಚ್ಚು ಎಂದು ಕಂಡುಕೊಂಡರು. ಖಿನ್ನತೆಯೇ ಕಾರಣವೋ, ಅಥವಾ ಆಗಲೇ ಒಳಗೊಳಗೇ ಕೆಟ್ಟಿದ್ದ ಆರೋಗ್ಯ ಖಿನ್ನತೆಯಾಗಿ ಕಾಣಿಸಿತೋ ಎಂಬುದನ್ನು ಇಂಥ ಅಧ್ಯಯನ ಒಂದೇ ತೀರ್ಮಾನಿಸಲಾರದು. ಆದರೆ ಮಗ, ಸೊಸೆ ದೂರದ ಕಾರ್ಖಾನೆಗೆ ಹೋಗಿ, ಮೊಮ್ಮಗುವಿನ ಜೊತೆ ಹಳ್ಳಿಯಲ್ಲಿ ಉಳಿದ ಅಜ್ಜಿಗೆ ಯಾರು ಮಾತ್ರೆ ನೆನಪಿಸುತ್ತಾರೆ, ಎದೆ ಹಿಡಿದುಕೊಂಡ ರಾತ್ರಿ ಯಾರು ಆಸ್ಪತ್ರೆಗೆ ಒಯ್ಯುತ್ತಾರೆ ಎಂಬ ಪ್ರಶ್ನೆಗೆ ಅಧ್ಯಯನ ಬೇಕಿಲ್ಲ.

ತಂಬಾಕಿನ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಚೀನಾದಲ್ಲಿ ಸುಮಾರು 30 ಕೋಟಿ ಜನ ಸೇದುತ್ತಾರೆ. ಗಂಡಸರಲ್ಲಿ ಅರ್ಧದಷ್ಟು, ಹೆಂಗಸರಲ್ಲಿ ನೂರಕ್ಕೆ ಎರಡು. ಸಿಗರೇಟು ತಯಾರಿಸಿ ಮಾರುವುದು ಸರ್ಕಾರದ್ದೇ ಸಂಸ್ಥೆ. ಬೊಕ್ಕಸಕ್ಕೆ ಅದರಿಂದ ಭಾರಿ ಆದಾಯ. ಬಿಪಿ, ಉಪ್ಪಿನ ವಿಷಯದಲ್ಲಿ ಎಷ್ಟೋ ಕೆಲಸ ಮಾಡಿದ ಆಡಳಿತ ಇಲ್ಲಿ ಮಾತ್ರ ನಿಧಾನಿಸುತ್ತಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮದ್ಯದ ಬಗ್ಗೆ ಚೀನಾ ಒಂದು ಹಳೆಯ ನಂಬಿಕೆಯನ್ನು ಮುರಿಯಿತು. ಪೂರ್ವ ಏಷ್ಯಾದ ಅನೇಕರಲ್ಲಿ ಮದ್ಯ ಸರಿಯಾಗಿ ಕರಗದಂತೆ ಮಾಡುವ ವಂಶವಾಹಿ ಇದೆ, ಕುಡಿದರೆ ಮುಖ ಕೆಂಪೇರಿ ಸಂಕಟವಾಗುತ್ತದೆ, ಹಾಗಾಗಿ ಅವರು ಕಡಿಮೆ ಕುಡಿಯುತ್ತಾರೆ. ಈ ಹುಟ್ಟುವ್ಯತ್ಯಾಸವನ್ನೇ ಬಳಸಿ ಕಡೂರಿ ಸಂಶೋಧಕರು 2019ರಲ್ಲಿ ತೋರಿಸಿದ್ದು: ಕುಡಿತ ಏರಿದಂತೆ ಪಾರ್ಶ್ವವಾಯುವಿನ ಅಪಾಯ ಏರುತ್ತದೆ, ‘ಸ್ವಲ್ಪ ಕುಡಿದರೆ ಒಳ್ಳೆಯದು’ ಎಂಬುದಕ್ಕೆ ಆಧಾರವಿಲ್ಲ.

ಫಲ ಕೊಟ್ಟದ್ದು ಯಾವುದು

ಮೊದಲು ಉಪ್ಪಿಗೇ ಬರೋಣ. ಅಡುಗೆಯ ಕೈಯನ್ನು ಕಾನೂನು ಹಿಡಿಯಲಾರದು ಎಂದೆನಲ್ಲ, ಶಾನ್‌ಶಿ ಪ್ರಾಂತ್ಯದ ಚಾಂಗ್‌ಝಿ ಎಂಬಲ್ಲಿ ಸಂಶೋಧಕರು ಮಕ್ಕಳನ್ನು ಹಿಡಿದರು. ಐದನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲಿ ಉಪ್ಪಿನ ಪಾಠ ಮಾಡಿ, ಮನೆಗೆ ಹೋಗಿ ದೊಡ್ಡವರಿಗೆ ಹೇಳಿ ಎಂದು ಕಳಿಸಿದರು. ಒಂದು ಶಾಲಾ ಅವಧಿಯಲ್ಲೇ, ಪಾಠವಿಲ್ಲದ ಶಾಲೆಗಳ ಮನೆಗಳಿಗೆ ಹೋಲಿಸಿದರೆ, ದೊಡ್ಡವರ ಉಪ್ಪು ದಿನಕ್ಕೆ ಸುಮಾರು 3 ಗ್ರಾಂ ಇಳಿದಿತ್ತು. ಮಕ್ಕಳು ಊಟದ ಮುಂದೆ ಕೂತು ಹಟ ಹಿಡಿದರೆ ಯಾವ ಮನೆಯಲ್ಲೂ ನಡೆಯುವಂಥದ್ದೇ ಇದು.

ಇದಕ್ಕಿಂತ ದೊಡ್ಡದು 2021ರಲ್ಲಿ ಪ್ರಕಟವಾದ ಪ್ರಯೋಗ. ಉತ್ತರದ ಐದು ಪ್ರಾಂತ್ಯಗಳ 600 ಹಳ್ಳಿ, ಸುಮಾರು 21 ಸಾವಿರ ಜನ. ಎಲ್ಲರೂ ಒಮ್ಮೆ ಪಾರ್ಶ್ವವಾಯು ಕಂಡವರು ಅಥವಾ 60 ದಾಟಿ ಬಿಪಿ ಇದ್ದವರು. ಅರ್ಧ ಹಳ್ಳಿಗಳಿಗೆ ಬೇರೊಂದು ಉಪ್ಪು ಕೊಟ್ಟರು. ಅದರಲ್ಲಿ ಮುಕ್ಕಾಲು ಭಾಗ ಮಾಮೂಲಿ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್. ಸೋಡಿಯಂ ಕಡಿಮೆಯಾದರೂ ಬಿಪಿ ಇಳಿಯುತ್ತದೆ, ಪೊಟ್ಯಾಸಿಯಂ ಹೆಚ್ಚಿದರೂ ಇಳಿಯುತ್ತದೆ. ಇಲ್ಲಿ ಎರಡೂ ಒಂದೇ ಚಮಚದಲ್ಲಿ. ಅಡುಗೆ ಬದಲಿಸಬೇಕಿಲ್ಲ, ರುಚಿಯಲ್ಲಿ ಹೆಚ್ಚು ಫರಕಿಲ್ಲ. ಸುಮಾರು ಐದು ವರ್ಷದಲ್ಲಿ ಪಾರ್ಶ್ವವಾಯು ಶೇ 14ರಷ್ಟು, ಸಾವು ಶೇ 12ರಷ್ಟು ಕಡಿಮೆಯಾಯಿತು. ಮಾಮೂಲಿ ಉಪ್ಪು ಅಲ್ಲಿ ಆಗ ಕಿಲೋಗೆ ಸುಮಾರು ಒಂದು ಡಾಲರ್ ಇದ್ದರೆ ಇದಕ್ಕೆ ಒಂದೂವರೆ ಡಾಲರ್‌ಗಿಂತ ತುಸು ಹೆಚ್ಚು.

ವೃದ್ಧಾಶ್ರಮಗಳಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಎರಡು ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು: ಅಡುಗೆಮನೆಗೆ ಕೊಡುವ ಉಪ್ಪನ್ನು ಹಂತಹಂತವಾಗಿ ಕಡಿಮೆ ಮಾಡುವುದು, ಮತ್ತು ಇಂಥದ್ದೇ ಬದಲಿ ಉಪ್ಪು ಕೊಡುವುದು. ಕಡಿಮೆ ಮಾಡುವ ದಾರಿಯಿಂದ ಬಿಪಿ ಇಳಿಯಲಿಲ್ಲ. ಬದಲಿ ಉಪ್ಪಿನಿಂದ ಮೇಲಿನ ಬಿಪಿ ಸುಮಾರು 7 ಮಿಲಿಮೀಟರ್ ಇಳಿಯಿತು, ಹೃದಯ ಮತ್ತು ರಕ್ತನಾಳದ ಅನಾಹುತಗಳು ಶೇ 40ರಷ್ಟು ತಗ್ಗಿದವು. ಜನರಿಗೆ ನಾಲಿಗೆ ಕಟ್ಟಿ ಎಂದು ಉಪದೇಶಿಸುವುದಕ್ಕಿಂತ ಡಬ್ಬಿಯೊಳಗಿನ ಉಪ್ಪನ್ನೇ ಬದಲಿಸುವುದು ಮೇಲು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕೆನಿಸುವುದಿಲ್ಲ.

ಇನ್ನು ಮಾತ್ರೆ. ಲಿಯಾವ್‌ನಿಂಗ್, ಶಾನ್‌ಕ್ಸಿ, ಹುಬೇ ಪ್ರಾಂತ್ಯಗಳ 326 ಹಳ್ಳಿಗಳಲ್ಲಿ ಬಿಪಿ ಇದ್ದ ಸುಮಾರು 34 ಸಾವಿರ ಜನರನ್ನು ಒಳಗೊಂಡ ಪ್ರಯೋಗವೊಂದು ನಡೆಯಿತು. ಅರ್ಧ ಹಳ್ಳಿಗಳಲ್ಲಿ ಚಿಕಿತ್ಸೆಯ ಹೊಣೆ ಹಳ್ಳಿ ಡಾಕ್ಟರದು. ಇವರು ಎಂಬಿಬಿಎಸ್ ಓದಿದವರಲ್ಲ; ಮಾವೋ ಕಾಲದ ‘ಬರಿಗಾಲ ವೈದ್ಯರ’ ಪರಂಪರೆಯಲ್ಲಿ ಬಂದ, ಊರಲ್ಲೇ ಇರುವ, ಅಲ್ಪ ತರಬೇತಿಯ ಕಾರ್ಯಕರ್ತರು. ಅವರಿಗೆ ಹಂತಹಂತದ ಸರಳ ಸೂತ್ರ ಕೊಟ್ಟರು: ಈ ಮಾತ್ರೆಯಿಂದ ಶುರು ಮಾಡಿ, ಇಷ್ಟಕ್ಕೆ ಇಳಿಯದಿದ್ದರೆ ಇದನ್ನು ಸೇರಿಸಿ. ರೋಗಿಗಳಿಗೆ ಮನೆಯಲ್ಲೇ ಬಿಪಿ ನೋಡುವ ಯಂತ್ರ, ರಿಯಾಯಿತಿ ದರದ ಅಥವಾ ಉಚಿತ ಔಷಧ. ಹತೋಟಿಗೆ ತಂದಷ್ಟೂ ಡಾಕ್ಟರಿಗೆ ಪ್ರೋತ್ಸಾಹಧನ. ಮೇಲ್ವಿಚಾರಣೆಗೆ ಪ್ರಾಥಮಿಕ ಆರೋಗ್ಯ ಮಟ್ಟದ ವೈದ್ಯರು. ಹದಿನೆಂಟು ತಿಂಗಳಲ್ಲಿ ಈ ಹಳ್ಳಿಗಳ ನೂರರಲ್ಲಿ 57 ಜನರ ಬಿಪಿ 130/80ಕ್ಕಿಂತ ಕೆಳಗಿತ್ತು, ಎಂದಿನ ಚಿಕಿತ್ಸೆಯ ಹಳ್ಳಿಗಳಲ್ಲಿ 20. ಮೂರು ವರ್ಷದ ಹೊತ್ತಿಗೆ ಹೃದಯ ಮತ್ತು ರಕ್ತನಾಳದ ಅನಾಹುತಗಳು ಮೂರನೇ ಒಂದು ಭಾಗದಷ್ಟು ತಗ್ಗಿದ್ದವು. ಮರೆಗುಳಿ ಕಾಯಿಲೆಯೂ ಶೇ 15ರಷ್ಟು ಕಡಿಮೆಯಾಗಿದೆ ಎಂದು 2025ರಲ್ಲಿ ಅದೇ ತಂಡ ವರದಿ ಮಾಡಿತು. ನೂರರಲ್ಲಿ ಏಳು ಎಂಬ ಸ್ಥಿತಿ ಹಣೆಬರಹ ಅಲ್ಲ ಎಂದು ತೋರಿಸಲು ಹೊಸ ಔಷಧವೇನೂ ಬೇಕಾಗಲಿಲ್ಲ.

ಬೆಲೆಯ ಕಡೆಯೂ ಕೆಲಸ ನಡೆದಿದೆ. 2018ರಿಂದ ಚೀನಾ ಸರ್ಕಾರ ಔಷಧಗಳನ್ನು ದೇಶದ ಪರವಾಗಿ ಒಟ್ಟಾಗಿ ಟೆಂಡರ್ ಕರೆದು ಕೊಳ್ಳುತ್ತಿದೆ. ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳ ಬೆಲೆ ಭಾರಿ ಇಳಿಯಿತು. 2020ರಲ್ಲಿ, ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್‌ಗೂ ಹಾಗೆಯೇ ಮಾಡಿದಾಗ ಸರಾಸರಿ 13 ಸಾವಿರ ಯುವಾನ್ ಇದ್ದದ್ದು 700ರ ಆಸುಪಾಸಿಗೆ ಬಂತು. ಉಳಿದಿರುವ ದೊಡ್ಡ ತೊಡಕು ಜನರದು. ಹಳ್ಳಿ ಡಾಕ್ಟರುಗಳಿಗೂ ವಯಸ್ಸಾಗುತ್ತಿದೆ, ಅವರ ಜಾಗಕ್ಕೆ ಬರಲು ಯುವಕರು ಮುಂದಾಗುತ್ತಿಲ್ಲ. 2020ರ ಜನಗಣತಿಯಲ್ಲಿ 60 ದಾಟಿದವರೇ 26 ಕೋಟಿ ಇದ್ದರು.

ನಮಗೆ ಇದರಲ್ಲಿ ನೇರ ಸಂಬಂಧವೊಂದಿದೆ. ಚಾರ್ಲ್ಸ್‌ನಂಥದ್ದೇ ಅಧ್ಯಯನ ಭಾರತದಲ್ಲೂ ಇದೆ. 45 ದಾಟಿದ 70 ಸಾವಿರಕ್ಕೂ ಹೆಚ್ಚು ಜನರನ್ನು 2017ರಿಂದ ಮಾತನಾಡಿಸಿ, ಅಳೆದು ನೋಡಿದ ‘ಲಾಸಿ’ ಸಮೀಕ್ಷೆ ಕರ್ನಾಟಕಕ್ಕೂ ಬಂದಿತ್ತು. ಎರಡೂ ದೇಶಗಳಲ್ಲಿ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು, ಹಾಗಾಗಿ ಹೋಲಿಕೆ ಸಾಧ್ಯ. ಹೊಟ್ಟೆಯ ಕೊಬ್ಬು, ಮನೆಯಲ್ಲೇ ಬೀಳುವ ಉಪ್ಪು, ಹಳ್ಳಿಯಲ್ಲಿ ಉಳಿದ ಹಿರಿಯರು, ಇವು ನಮ್ಮವೂ ಹೌದು.

ಸೋಡಿಯಂ ಕಡಿಮೆಯಿರುವ ಉಪ್ಪು ನಮ್ಮ ಅಂಗಡಿಗಳಲ್ಲೂ ಸಿಗುವುದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಮೂತ್ರಪಿಂಡದ ಗಂಭೀರ ಕಾಯಿಲೆ ಇರುವವರನ್ನು 600 ಹಳ್ಳಿಗಳ ಆ ಪ್ರಯೋಗದಿಂದ ಹೊರಗಿಟ್ಟಿದ್ದರು, ಏಕೆಂದರೆ ಸೋತ ಮೂತ್ರಪಿಂಡ ಪೊಟ್ಯಾಸಿಯಂ ಹೊರಹಾಕಲಾರದು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಸ್ಪೈರೊನೊಲ್ಯಾಕ್ಟೋನ್‌ನಂಥ, ಪೊಟ್ಯಾಸಿಯಂ ಉಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ಮಾತು. ಅಂಥವರು ಡಬ್ಬಿ ಬದಲಿಸುವ ಮುನ್ನ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ತಮ್ಮ ವೈದ್ಯರನ್ನು ಕೇಳಬೇಕು.